ಖಿನ್ನತೆಯೆಲ್ಲ ಥೈರಾಯ್ಡ್‌ನಿಂದಲೇ ಬರುತ್ತದೆಯೇ?

‘ಖಿನ್ನತೆ ಅಂತ ಕಾಯಿಲೆಯೇ ಇಲ್ಲ, ಎಲ್ಲ ಥೈರಾಯ್ಡ್ ಆಟ, ಮನೋವೈದ್ಯರ ಮಾತ್ರೆ ಬಿಡಿ’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಅರೆಸತ್ಯ.

ಹಶಿಮೊಟೊ ಕಾಯಿಲೆಯಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುತ್ತದೆ. ಹಾರ್ಮೋನ್ ಕಡಿಮೆಯಾದಾಗ ಸುಸ್ತು, ಮರೆವು, ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಾಣಿಸುತ್ತವೆ, ಥೇಟ್ ಖಿನ್ನತೆಯಂತೆ. ಮನೆಯವರು ‘ಸೋಮಾರಿ’ ಅನ್ನುತ್ತಾರೆ, ಪಾಪ. 1949ರಲ್ಲೇ ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್, ಥೈರಾಯ್ಡ್ ಕೊರತೆಯಿಂದ ಮತಿಭ್ರಮಣೆಯಾದ 14 ರೋಗಿಗಳ ಬಗ್ಗೆ ಬರೆದಿದ್ದರು. ಥೈರಾಯ್ಡ್ ಔಷಧದಿಂದ ಹೆಚ್ಚಿನವರು ಚೇತರಿಸಿಕೊಂಡರು.

ಹಾಗಾಗಿ ಖಿನ್ನತೆ ಇರುವವರು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಆದರೆ ಅವರಲ್ಲಿ ಬಹುಪಾಲು ಜನರ ಥೈರಾಯ್ಡ್ ಸರಿಯಾಗಿಯೇ ಇರುತ್ತದೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಥೈರಾಯ್ಡ್ ಕುಗ್ಗಿಸಬಲ್ಲದು, ನಿಜ. ಅದಕ್ಕೇ ವೈದ್ಯರು ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಮೂಲ ಕಾಯಿಲೆಯೇ ಮರುಕಳಿಸಬಹುದು.