ನೂರಕ್ಕೊಂದು ರೂಪಾಯಿಯ ಲೆಕ್ಕ

ಸಂಜೆ ಏಳಾಗುತ್ತಿದ್ದಂತೆ ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆಗಳ ಹೋಟೆಲುಗಳ ಮುಂದೆ ಬೈಕುಗಳು ಸಾಲುಗಟ್ಟುತ್ತವೆ. ಬೆನ್ನಿಗೆ ಚೌಕಾಕಾರದ ಚೀಲ, ಕೈಯಲ್ಲಿ ಮೊಬೈಲು; ಬಿಸಿಯಾರುವ ಮುನ್ನ ಊಟವನ್ನು ಯಾರದೋ ಮನೆಯ ಬಾಗಿಲಿಗೆ ಮುಟ್ಟಿಸಬೇಕೆಂಬ ಆತುರ. ನೆರೆಯ ಭದ್ರಾವತಿಯ ಬೀದಿಗಳಲ್ಲಿಯೂ ಈಗ ಇದೇ ನೋಟ.

ಭದ್ರಾವತಿ ಕಾರ್ಖಾನೆಗಳನ್ನು ನಂಬಿ ಬೆಳೆದ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನಾರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಅಲ್ಲಿ ದುಡಿದ ತಂದೆಗೆ ತಿಂಗಳು ತಿಂಗಳು ಸಂಬಳದ ಚೀಟಿ ದೊರೆಯುತ್ತಿತ್ತು. ಭವಿಷ್ಯನಿಧಿ, ತೆರಿಗೆಗಳ ಲೆಕ್ಕವನ್ನು ಕಚೇರಿಯ ಗುಮಾಸ್ತರು ನೋಡಿಕೊಳ್ಳುತ್ತಿದ್ದರು. ಊಟ ಹೊತ್ತು ತಿರುಗುವ ಮಗನಿಗೆ ಆ ಭಾಗ್ಯವಿಲ್ಲ. ಕಂಪನಿ ಅವನನ್ನು ನೌಕರನೆನ್ನದೆ ‘ಪಾಲುದಾರ’ನೆನ್ನುತ್ತದೆ. ತೆರಿಗೆಯ ಲೆಕ್ಕದಲ್ಲಿ ಅವನದು ಸ್ವಂತ ವ್ಯವಹಾರ. ಸವಾರನೂ ಅವನೇ, ಗುಮಾಸ್ತನೂ ಅವನೇ!

ವರ್ಷದಲ್ಲಿ ಕೊಡುವ ಮೊತ್ತ ಒಂದು ಲಕ್ಷ ರೂಪಾಯಿ ಮೀರಿದರೆ ಕಂಪನಿಯು ನೂರಕ್ಕೊಂದು ರೂಪಾಯಿಯನ್ನು ಮುರಿದುಕೊಂಡು ಅವನ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತದೆ. ಪ್ಯಾನ್ ಸಂಖ್ಯೆ ಕೊಡದವನಿಗೆ ಈ ಕಡಿತ ನೂರಕ್ಕೆ ಇಪ್ಪತ್ತಾಗುತ್ತದೆ. ಹೋದದ್ದು ಹೋಯಿತೆಂದು ಸುಮ್ಮನಿದ್ದರೆ ನಷ್ಟ ಅವನದೇ.

ಒಬ್ಬ ತರುಣನಿಗೆ ವರ್ಷಕ್ಕೆ 2,40,000 ರೂಪಾಯಿ ಬಂದಿತೆನ್ನಿ. ಮುರಿದುಕೊಂಡದ್ದು 2,400. ಹೊಸ ತೆರಿಗೆ ಪದ್ಧತಿಯಲ್ಲಿ 2025ರ ಏಪ್ರಿಲ್‌ನಿಂದ ನಾಲ್ಕು ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದಿದ್ದರೆ ಆ 2,400 ರೂಪಾಯಿ ಪೂರ್ತಿ ಅವನಿಗೇ ಸಲ್ಲತಕ್ಕದ್ದು. ಆದರೆ ಕೇಳದವನಿಗೆ ಅದು ಮರಳುವುದಿಲ್ಲ. ವಾರ್ಷಿಕ ವಿವರಪತ್ರ ಸಲ್ಲಿಸಿಯೇ ಪಡೆಯಬೇಕು.

ಸಣ್ಣ ವ್ಯವಹಾರಗಳಿಗೆ ‘ಸುಗಮ್’ ಎಂಬ ಸರಳ ನಮೂನೆಯುಂಟು. ಬ್ಯಾಂಕಿನ ಮೂಲಕ ಬಂದ ಮೊತ್ತದಲ್ಲಿ ಕನಿಷ್ಠ ನೂರಕ್ಕೆ ಆರು, ನಗದಾಗಿ ಬಂದುದರಲ್ಲಿ ಎಂಟರಷ್ಟನ್ನು ಲಾಭವೆಂದು ತೋರಿಸಬಹುದು. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸುವುದು ಧರ್ಮ. ಈ ಕ್ರಮದಲ್ಲಿ ಪೆಟ್ರೋಲು, ರಿಪೇರಿಗಳ ಖರ್ಚನ್ನು ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ. ಇಲಾಖೆಯ ಜಾಲತಾಣದಲ್ಲಿ ಸಲ್ಲಿಸಲು ಶುಲ್ಕವಿಲ್ಲ. ಸಲ್ಲಿಸಿದ ಮೂವತ್ತು ದಿನಗಳೊಳಗೆ ದೃಢೀಕರಿಸುವುದನ್ನು ಮಾತ್ರ ಮರೆಯಬಾರದು. ಇಲ್ಲದ ಖರ್ಚು ತೋರಿಸಿ ಹೆಚ್ಚು ಹಣ ಕೊಡಿಸುತ್ತೇನೆನ್ನುವ ದಲ್ಲಾಳಿಯನ್ನು ದೂರವಿಡುವುದೇ ಕ್ಷೇಮ; ನಾಳೆ ನೋಟೀಸು ಬಂದರೆ ಉತ್ತರ ಹೇಳಬೇಕಾದವನು ಸವಾರನೇ.

ಇದಕ್ಕೆಲ್ಲ ಬೇಕಾದುದು ಒಂದು ಪುಟ್ಟ ನೋಟುಪುಸ್ತಕ. ಗ್ರಾಹಕರು ಊಟದ ಬೆಲೆಯೆಂದು ಕೈಗಿತ್ತ ನಗದು ಅವನ ಗಳಿಕೆಯಲ್ಲ, ಕಂಪನಿಗೆ ಒಪ್ಪಿಸಬೇಕಾದ ಹಣ. ಸಂತೋಷದಿಂದ ಕೊಟ್ಟ ಭಕ್ಷೀಸು ಅವನದು. ಇವೆರಡನ್ನು ಬೇರೆ ಬೇರೆಯಾಗಿ ಬರೆದಿಡಬೇಕು. ಪೆಟ್ರೋಲಿಗೆಷ್ಟು, ಟಯರಿಗೆಷ್ಟು ಎಂಬುದನ್ನೂ ಬರೆದರೆ ನಿಜವಾಗಿ ಕೈಗುಳಿದದ್ದೆಷ್ಟೆಂದು ತಿಳಿಯುತ್ತದೆ. ಆ ಲೆಕ್ಕ ತೆರಿಗೆಯವರಿಗಿಂತ ಅವನಿಗೇ ಹೆಚ್ಚು ಅಗತ್ಯ.

ಇನ್ನೊಂದು ಪ್ರಯೋಜನವೂ ಉಂಟು. ಮನೆಗೋ ಬೈಕಿಗೋ ಸಾಲ ಬೇಕೆಂದು ಬ್ಯಾಂಕಿಗೆ ಹೋದಾಗ, “ಸಂಬಳದ ಚೀಟಿ ಎಲ್ಲಿ?” ಎಂಬ ಪ್ರಶ್ನೆಗೆ ಈ ತರುಣ ತಲೆ ತಗ್ಗಿಸಬೇಕಾಗಿಲ್ಲ. ವರ್ಷ ವರ್ಷವೂ ಸಲ್ಲಿಸಿದ ವಿವರಪತ್ರಗಳೇ ಅವನ ಆದಾಯಕ್ಕೆ ಸಾಕ್ಷಿ. ಕಾರ್ಖಾನೆಯ ತಂದೆ ಟ್ರಂಕಿನಲ್ಲಿ ಜೋಪಾನವಾಗಿರಿಸಿದ್ದ ಚೀಟಿಗಳನ್ನು ಯಾರೋ ಬರೆದುಕೊಟ್ಟಿದ್ದರು. ಮಗ ತನ್ನದನ್ನು ತಾನೇ ಬರೆದುಕೊಳ್ಳಬೇಕಾಗಿದೆ, ಅಷ್ಟೆ.