ಭ್ರೂಣದ ಲೋಪಕ್ಕೆ ತಾಯಿ ಹೊಣೆಯೇ?

ಸಂತ ಅಂತೋಣಿಯವರ ಹಬ್ಬವಾದ ಜೂನ್ 13ರಂದು ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಗೆ ಬರುವ ಭಕ್ತಸಮೂಹದಲ್ಲಿ ಸಂತಾನಭಾಗ್ಯವನ್ನು ಬೇಡುವ ದಂಪತಿಗಳೂ ಇರುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಿಂದ ಬರುವ ಇವರಲ್ಲಿ ಕೆಲವರು ಈಗಾಗಲೇ ಪಟ್ಟಣದ ಆಸ್ಪತ್ರೆಗಳಿಗೆ ಅಲೆದು ಬಳಲಿದವರು. ಹೊಗೆಸೊಪ್ಪು ಮಾರಿದ ಹಣವನ್ನೆಲ್ಲ ಪ್ರನಾಳ ಶಿಶು ಚಿಕಿತ್ಸೆಗೆ ವ್ಯಯಿಸಿದ ದಂಪತಿಗಳು ಒಮ್ಮೆ ನನ್ನ ಮುಂದೆ ವರದಿಯೊಂದನ್ನಿಟ್ಟರು. ಭ್ರೂಣದ ಕೋಶಕೇಂದ್ರ ಅಸಹಜವೆಂದು ಅದರಲ್ಲಿ ಬರೆದಿತ್ತು. "ಸ್ವಾಮಿ, ಮನೆಯವರೆಲ್ಲ ನನ್ನದೇ ದೋಷ ಅಂತಾರೆ" ಎಂದು ಆ ಸೋದರಿ ಕಣ್ಣೀರಿಟ್ಟರು.

ಈ ಅಸಹಜತೆ ಎಂದರೇನು? ಅಂಡಾಣುವಿನೊಡನೆ ವೀರ್ಯಾಣು ಸೇರಿದ ಸುಮಾರು 16ರಿಂದ 18 ಗಂಟೆಗಳ ಬಳಿಕ ಸೂಕ್ಷ್ಮದರ್ಶಕದಲ್ಲಿ ಎರಡು ಕೋಶಕೇಂದ್ರಗಳು ಕಾಣಬೇಕು. ಒಂದು ತಾಯಿಯದು, ಇನ್ನೊಂದು ತಂದೆಯದು. ಒಂದೊಂದರಲ್ಲಿಯೂ 23 ವರ್ಣತಂತುಗಳು. ಮುಂದೆ ಭ್ರೂಣವು ಎರಡಾಗಿ, ನಾಲ್ಕಾಗಿ ಬೆಳೆಯುವಾಗ ಪ್ರತಿಯೊಂದು ಜೀವಕೋಶಕ್ಕೂ ಒಂದೇ ಕೇಂದ್ರವಿರಬೇಕು. ಕೇಂದ್ರವು ಇಬ್ಭಾಗವಾಗಿಯೂ ಜೀವಕೋಶ ಇಬ್ಭಾಗವಾಗದಿದ್ದರೆ, ಅಥವಾ ವಿಭಜನೆಯಲ್ಲಿ ಕೆಲವು ವರ್ಣತಂತುಗಳು ಹಿಂದುಳಿದರೆ, ಒಂದೇ ಜೀವಕೋಶದಲ್ಲಿ ಎರಡು ಮೂರು ಕೇಂದ್ರಗಳು ಕಾಣಿಸಿಕೊಳ್ಳುತ್ತವೆ. ಅಂತಹ ಭ್ರೂಣ ಗರ್ಭದಲ್ಲಿ ನೆಲೆಯೂರುವ ಸಂಭವ ಕಡಿಮೆ.

ಆದರೆ ಇದು ಕೊನೆಯ ತೀರ್ಪಲ್ಲ. ಇಂತಹ ಭ್ರೂಣಗಳಿಂದಲೂ ಆರೋಗ್ಯವಂತ ಮಕ್ಕಳು ಜನಿಸಿದ್ದುಂಟು. ಕೆಲವು ಜೀವಕೋಶಗಳಲ್ಲಿ ಮಾತ್ರ ವರ್ಣತಂತುಗಳ ಎಣಿಕೆ ತಪ್ಪಿದ್ದ ಭ್ರೂಣಗಳನ್ನು ಇಟಲಿಯ ವೈದ್ಯರು 18 ಮಹಿಳೆಯರ ಗರ್ಭಕ್ಕೆ ಸೇರಿಸಿದಾಗ, 6 ಆರೋಗ್ಯವಂತ ಶಿಶುಗಳು ಜನಿಸಿದವೆಂದು 2015ರಲ್ಲಿ ವರದಿಯಾಯಿತು.

ಇನ್ನು ದೋಷದ ಮಾತು. ವರ್ಣತಂತುಗಳ ಲೋಪ ಹೆಚ್ಚಾಗಿ ಅಂಡಾಣುವಿನಲ್ಲಿ ಉಂಟಾಗುವುದು ನಿಜ; ವಯಸ್ಸು 35 ದಾಟಿದಂತೆ ಅದು ಹೆಚ್ಚುವುದೂ ನಿಜ. ಆದರೆ ಭ್ರೂಣದ ಜೀವಕೋಶಗಳ ವಿಭಜನೆಯನ್ನು ನಡೆಸಲು ಬೇಕಾದ ಸೆಂಟ್ರಿಯೋಲ್ ಎಂಬ ಸೂಕ್ಷ್ಮಾಂಗ ಬರುವುದು ತಂದೆಯ ವೀರ್ಯಾಣುವಿನಿಂದ. ಸಹಜವಾಗಿ ಉಂಟಾದ ಭ್ರೂಣಗಳಲ್ಲಿಯೂ ಎಷ್ಟೋ, ತಾಯಿಗೆ ತಿಳಿಯುವ ಮೊದಲೇ ಇಲ್ಲವಾಗುತ್ತವೆ. ತತ್ವಶಾಸ್ತ್ರದ ವಿದ್ಯಾರ್ಥಿ ಮೊದಲು ಕಲಿಯುವ ಪಾಠಗಳಲ್ಲೊಂದು ಇದು: ಕಾರಣ ಬೇರೆ, ಅಪರಾಧ ಬೇರೆ. ಸಂಕಲ್ಪವಿಲ್ಲದೆಡೆ ಅಪರಾಧವಿಲ್ಲ. ಅಂಡಾಣುವಿನೊಳಗಿನ ವರ್ಣತಂತುಗಳಿಗೆ ಅಪ್ಪಣೆ ಕೊಡಬಲ್ಲ ತಾಯಿ ಲೋಕದಲ್ಲಿಲ್ಲ.

ಧರ್ಮಸಭೆಯ ಬೋಧನೆಯನ್ನೂ ಮರೆಮಾಚದೆ ಹೇಳಬೇಕು. ದಾಂಪತ್ಯದ ಮಿಲನವನ್ನು ಬದಿಗಿರಿಸಿ ಪ್ರಯೋಗಾಲಯದಲ್ಲಿ ಗರ್ಭಾಂಕುರ ಮಾಡಿಸುವುದನ್ನು 1987ರ 'ದೋನುಮ್ ವೀತೆ' ಒಪ್ಪಲಿಲ್ಲ. 2008ರ 'ದಿಗ್ನಿತಾಸ್ ಪೆರ್ಸೋನೆ' ಅದನ್ನೇ ಪುನರುಚ್ಚರಿಸಿತು. ಗುಣ ನೋಡಿ ಒಂದನ್ನಾರಿಸಿ ಉಳಿದ ಭ್ರೂಣಗಳನ್ನು ತ್ಯಜಿಸುವಾಗ ಮಾನವಜೀವ ಸರಕಾಗುತ್ತದೆ ಎಂಬುದು ಅದರ ಅಳಲು. ಆತ್ಮ ಸೇರುವ ಕ್ಷಣ ಯಾವುದೆಂದು ಧರ್ಮಸಭೆ ತಾತ್ವಿಕವಾಗಿ ನಿರ್ಣಯಿಸಿಲ್ಲ. ಆದರೂ ಮೊದಲ ಕ್ಷಣದಿಂದಲೇ ಭ್ರೂಣವನ್ನು ವ್ಯಕ್ತಿಯಂತೆ ಗೌರವಿಸಬೇಕೆನ್ನುತ್ತದೆ. ಅದೇ ಬೋಧನೆ, ಹೇಗೇ ಜನಿಸಿದ್ದರೂ ಪ್ರತಿ ಮಗುವನ್ನು ದೇವರ ವರವಾಗಿ ಸ್ವೀಕರಿಸಬೇಕೆಂದೂ ಸಾರುತ್ತದೆ. ಬಂಜೆತನದ ಮೂಲ ಕಾರಣವನ್ನು ಗುಣಪಡಿಸುವ ಚಿಕಿತ್ಸೆಗೂ ದತ್ತು ಸ್ವೀಕಾರಕ್ಕೂ ಧರ್ಮಸಭೆಯ ಬೆಂಬಲವಿದೆ.

ಆದುದರಿಂದ ದಂಪತಿಗಳೇ, ಹಣ ಕಟ್ಟುವ ಮುನ್ನವೇ ಕೇಳಿ ತಿಳಿಯಿರಿ. ಚಿಕಿತ್ಸೆಯ ಸಾಧ್ಯತೆ, ಅಪಾಯ, ವೆಚ್ಚಗಳನ್ನು ವಿವರಿಸುವುದು ಕ್ಲಿನಿಕ್ಕಿನ ಕರ್ತವ್ಯವೆಂದು 2021ರ ಕಾಯಿದೆ ವಿಧಿಸಿದೆ. ಎಷ್ಟು ಭ್ರೂಣಗಳು, ಉಳಿದವುಗಳ ಗತಿಯೇನು ಎಂದು ಕೇಳಲು ಸಂಕೋಚ ಬೇಡ.

ಮನೆಯ ಹಿರಿಯರಲ್ಲಿಯೂ ಒಂದು ಬಿನ್ನಹ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪವೆಂದು ವಿಚಾರಿಸಿದರು. ಅವನದೂ ಅಲ್ಲ, ಅವನ ಹೆತ್ತವರದೂ ಅಲ್ಲ ಎಂದರು ಪ್ರಭು. ಆ ಉತ್ತರ ನಿಮ್ಮ ಸೊಸೆಗೂ ಸಲ್ಲುತ್ತದೆ.