ಮನೆಯ ದೂರವಾಣಿ: ತಂತಿಯೋ ಅಂತರಜಾಲವೋ?

ಮಲೆನಾಡಿನ ಕಣಿವೆಯೊಂದರಲ್ಲಿ ಒಂಟಿಮನೆ. ಆಷಾಢದ ಮಳೆಗೆ ವಿದ್ಯುತ್ತು ನಿಂತಿದೆ. ಸಂಚಾರಿ ದೂರವಾಣಿಯ ಸಂಕೇತ ಅಲ್ಲಿಗೆ ತಲುಪದು. ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡರೆ, ವೈದ್ಯರಿಗೆ ಕರೆ ಹೋಗುವುದೇ ಇಲ್ಲವೇ ಎಂಬುದು ಆ ಮನೆಯ ದೂರವಾಣಿ ಯಾವ ಬಗೆಯದು ಎಂಬುದನ್ನು ಅವಲಂಬಿಸಿರುತ್ತದೆ.

ಅಲೆಕ್ಸಾಂಡರ್ ಗ್ರಹಾಂ ಬೆಲ್ 1876ರಲ್ಲಿ ದೂರವಾಣಿಗೆ ಪೇಟೆಂಟ್ ಪಡೆದನು. 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಆರಂಭವಾದವು. ಈ ಪದ್ಧತಿಯಲ್ಲಿ ಒಂದು ಜೊತೆ ತಾಮ್ರದ ತಂತಿಗಳು ಮನೆಯನ್ನು ವಿನಿಮಯ ಕೇಂದ್ರಕ್ಕೆ ಜೋಡಿಸುತ್ತವೆ. ಮಾತಿನ ಕಂಪನಗಳು ವಿದ್ಯುತ್ತಿನ ಏರಿಳಿತಗಳಾಗಿ ಅವುಗಳಲ್ಲಿ ಹರಿಯುತ್ತವೆ. ಅದಕ್ಕೆ ಬೇಕಾದ ಸುಮಾರು 48 ವೋಲ್ಟ್ ವಿದ್ಯುತ್ತನ್ನು ಕೇಂದ್ರದ ಬ್ಯಾಟರಿಗಳೇ ಒದಗಿಸುತ್ತವೆ. ಆದುದರಿಂದ ಮನೆಯ ದೀಪವು ಆರಿದರೂ ಸಾಮಾನ್ಯವಾಗಿ ದೂರವಾಣಿ ಮೂಕವಾಗುವುದಿಲ್ಲ. ಆದರೆ ಮರ ಉರುಳಿದರೆ ತಂತಿ ತುಂಡಾಗುತ್ತದೆ. ತೇವ ಸೇರಿದರೆ ಗರಗರ ಸದ್ದು ಮಾತನ್ನು ನುಂಗುತ್ತದೆ.

ಅಂತರಜಾಲ ದೂರವಾಣಿಯ ರೀತಿಯೇ ಬೇರೆ. ಸಾಮಾನ್ಯವಾಗಿ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು ಅಂಕೆಗಳನ್ನಾಗಿ ಮಾಡಲಾಗುತ್ತದೆ. ಆ ಅಂಕೆಗಳನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳುಹಿಸಲಾಗುತ್ತದೆ. ಅವು ಗುರಿ ಮುಟ್ಟಿದ ಮೇಲೆ ಕ್ರಮವಾಗಿ ಜೋಡಣೆಗೊಂಡು ಮತ್ತೆ ಧ್ವನಿಯಾಗುತ್ತವೆ. ಒಂದೇ ಸಂಪರ್ಕದಲ್ಲಿ ಮಾತು, ಚಿತ್ರ, ಪತ್ರಗಳೆಲ್ಲ ಸಾಗುತ್ತವೆ. ದೂರದ ಊರಿನಲ್ಲಿರುವ ಮಕ್ಕಳೊಡನೆ ಕಡಿಮೆ ವೆಚ್ಚದಲ್ಲಿ ಮಾತನಾಡಬಹುದು. ಇದು ಅಲ್ಪ ಲಾಭವಲ್ಲ. ಆದರೆ ಸಂಪರ್ಕದಲ್ಲಿ ದಟ್ಟಣೆ ಹೆಚ್ಚಿದರೆ ಮಾತು ತಡವರಿಸುತ್ತದೆ. ಅದಕ್ಕಿಂತ ಮುಖ್ಯವಾದ ಕೊರತೆಯೆಂದರೆ, ಮನೆಯಲ್ಲಿರುವ ಮೋಡೆಮ್ ಮತ್ತು ರೂಟರ್‌ಗಳು ಮನೆಯ ವಿದ್ಯುತ್ತನ್ನೇ ನೆಚ್ಚಿವೆ. ದೀಪ ಆರಿದೊಡನೆ ಅವೂ ನಿಲ್ಲುತ್ತವೆ.

ಈ ಕೊರತೆಯ ಗಾಂಭೀರ್ಯವನ್ನು ಬ್ರಿಟನ್ನಿನ ಅನುಭವವು ತಿಳಿಸುತ್ತದೆ. ಅಲ್ಲಿ ಹಳೆಯ ದೂರವಾಣಿ ಜಾಲವನ್ನು 2025ರ ಕೊನೆಗೆ ಮುಚ್ಚಬೇಕೆಂದಿತ್ತು. 2024ರಲ್ಲಿ ಆ ಗಡುವನ್ನು 2027ರ ಜನವರಿಗೆ ಮುಂದೂಡಲಾಯಿತು. ತಂತಿಗೆ ಜೋಡಿಸಿದ ಆಪತ್ತಿನ ಕರೆಗಂಟೆಯನ್ನು ನೆಚ್ಚಿ ಒಂಟಿಯಾಗಿ ಬಾಳುವ ವೃದ್ಧರ ಸುರಕ್ಷತೆಯೂ ಅದಕ್ಕೆ ಒಂದು ಕಾರಣವಾಗಿತ್ತು.

ಹಾಗಾದರೆ ಯಾವುದು ಮೇಲು? ವಿದ್ಯುತ್ತು ತಪ್ಪದ, ಸಂಚಾರಿ ದೂರವಾಣಿಯೂ ಕೈಯಲ್ಲಿರುವ ನಗರದ ಮನೆಗೆ ಅಂತರಜಾಲ ದೂರವಾಣಿಯೇ ಅನುಕೂಲ. ದಿನಗಟ್ಟಲೆ ಕತ್ತಲಾಗುವ ಕಣಿವೆಯ ಮನೆಗೆ ತಾಮ್ರದ ತಂತಿ ಇನ್ನೂ ಉಪಕಾರಿ. ಅಲ್ಲಿ ಹೊಸದನ್ನು ಅಳವಡಿಸುವವರು ಮೋಡೆಮ್ಮಿಗೆ ಪ್ರತ್ಯೇಕ ಬ್ಯಾಟರಿಯನ್ನೂ ಇಡಬೇಕು. ಹಳೆಯದನ್ನು ಬಿಡುವ ಮುನ್ನ ಅದು ಸದ್ದಿಲ್ಲದೆ ಸಲ್ಲಿಸುತ್ತಿದ್ದ ಸೇವೆ ಯಾವುದೆಂದು ಅರಿತು, ಅದಕ್ಕೆ ಬದಲಿ ಏರ್ಪಾಟು ಮಾಡಿಕೊಳ್ಳುವುದೇ ವಿವೇಕ.